ಪೂಜೆಗೆ ಕೂತ ಕಂಪ್ಯೂಟರು

ಖಂಡೇನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಹಿತ್ತಲಲ್ಲಿ ಕೂತು ಈಳಗಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ವರ್ಷಪೂರ್ತಿ ಉಳ್ಳಾಗಡ್ಡಿ, ಬದನೆಕಾಯಿ ಹೆಚ್ಚಿ ಕರಿಗಟ್ಟಿದ ಅಲಗು. ಪೂಜೆಗೆ ಕೂಡುವ ದಿನವಾದರೂ ಹೊಳೆಯಲಿ ಅಂತ. ಆಗ ಸೊಸೆ ಫೋನು ಹಿಡಿದುಕೊಂಡೇ ಬಂದಳು.

"ಅತ್ತ್ಯಾರ, ಕಂಪನಿ ಮಾಲಕರು ಫೋನ್ ಮಾಡಿದ್ರು. ನಾಳೇನ ಪರೀಕ್ಷಾ ಅಂತ್ರಿ."

"ಹಬ್ಬದ ದಿನಾನ?"

"ಬ್ಯಾಂಕು, ಆಫೀಸು ಎಲ್ಲಾ ಸೂಟಿ ಇರ್ತಾವಲ್ರಿ. ಲೈನ್ ಬಿದ್ರೂ ಬೈಯೋರು ಕಡಿಮಿ."

ನಕ್ಕಳು ಖರೆ, ಆದರೆ ಮುಖದಲ್ಲಿ ಕಳೆ ಇರಲಿಲ್ಲ.

ನನ್ನ ಸೊಸೆ ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತೇ ಇಂಟರ್ನೆಟ್ ಲೈನಿನ ಒಂದು ಸಣ್ಣ ಕಂಪನಿಗೆ ಕೆಲಸ ಮಾಡುತ್ತಾಳೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ಊರಿಗೆ ಆ ಕಂಪನಿಯ ವೈರು. ಊರಿಗೊಂದು ಪೆಟ್ಟಿಗೆ. ಯಾರ ಮಾತು, ಯಾರ ವಿಡಿಯೋ ಯಾವ ದಾರಿಯಲ್ಲಿ ಹೋಗಬೇಕು ಅಂತ ಮೊದಲು ಪೆಟ್ಟಿಗೆಗಳೇ ವಿಚಾರ ಮಾಡುತ್ತಿದ್ದವಂತೆ. ಈಗ ಬುದ್ಧಿಯನ್ನೆಲ್ಲ ಕಂಪನಿಯ ಕೋಣೆಯಲ್ಲಿರುವ ಒಂದು ದೊಡ್ಡ ಸಾಫ್ಟ್‌ವೇರಿನಲ್ಲಿ ಇಟ್ಟಿದ್ದಾರೆ. ಅದು ಹೇಳಬೇಕು, ಪೆಟ್ಟಿಗೆಗಳು ಕೇಳಬೇಕು.

"ಮದುವಿ ಅಡಗಿಮನಿ ಇದ್ದಂಗ್ರಿ ಅತ್ತ್ಯಾರ. ದೊಡ್ಡಾಕಿ ಒಬ್ಬಾಕಿ ಹೇಳ್ತಾಳ, ಉಳದವ್ರು ಮಾಡ್ತಾರ" ಅಂತ ಅವಳೇ ತಿಳಿಸಿ ಹೇಳಿದ್ದಳು.

"ದೊಡ್ಡಾಕಿ ತಲಿ ತಿರುಗಿ ಬಿದ್ರ?"

ಬಿದ್ದೇ ಬಿಟ್ಟಿತು, ಶ್ರಾವಣದಲ್ಲಿ. ಹಾನಗಲ್ಲಿನಲ್ಲಿ ರಸ್ತೆ ಅಗೆಯುವಾಗ ಜೆಸಿಬಿಗೆ ಸಿಕ್ಕು ಒಂದು ವೈರು ಹರಿಯಿತು. 'ವೈರು ಹರಿದಿದೆ' ಅನ್ನುವ ಸುದ್ದಿ ದೊಡ್ಡ ಸಾಫ್ಟ್‌ವೇರಿನ ಹೊಟ್ಟೆಯಲ್ಲಿದ್ದ ಒಂದು ಸಣ್ಣ ಪ್ರೋಗ್ರಾಮಿಗೆ ಮುಟ್ಟಿತು. ಅದರಲ್ಲಿ ಎಲ್ಲೋ ಒಂದು ಬಗ್, ಅಂದರೆ ಹುಳುಕು, ಇತ್ತಂತೆ. ಅದು ಸತ್ತಿತು, ಸಾಯುವಾಗ ದೊಡ್ಡದನ್ನೂ ಎಳೆದುಕೊಂಡು ಹೋಯಿತು. ಮತ್ತೆ ಎಬ್ಬಿಸಿದರೆ ಅದೇ ಸುದ್ದಿ ಮತ್ತೆ ಬರುವುದು, ಮತ್ತೆ ಸಾಯುವುದು. ನಾಲ್ಕೂ ಊರು ಸಂಜೆತನಕ ಬಂದ್. ಸೊಸೆ ಅನ್ನ ಮುಟ್ಟಲಿಲ್ಲ. "ಹಾನಗಲ್ಲಿನ್ಯಾಗ ವೈರ್ ಹರದ್ರ ಶಿಗ್ಗಾಂವಿ ಬ್ಯಾಂಕ್ ಯಾಕ ಬಂದ್ ಆಗಬೇಕ್ರಿ?" ಅಂತ ಮಾಲಕರು ಫೋನಿನಲ್ಲಿ ಕೂಗಿದ್ದು ಅಡುಗೆಮನೆಗೆ ಕೇಳಿಸಿತ್ತು.

ಅವತ್ತಿನಿಂದ ಸೊಸೆ ಅದರ ಬೆನ್ನು ಹತ್ತಿದಳು. ಒಂದು ದಿನ ಮೊಮ್ಮಗಳಿಗೆ ಉಣ್ಣಿಸುತ್ತ ಕೂತಿದ್ದಾಗ, "ಅತ್ತ್ಯಾರ, ಕೂಸಿಗೆ ರೊಟ್ಟಿ ತುಣುಕು ಗಂಟಲಿಗೆ ಸಿಕ್ಕು ಕಾರಿಕೊಂತು ಅಂದ್ರ ಮತ್ತ ಅದ ತುಣುಕು ಬಾಯಾಗ ಇಡ್ತೀರೇನು?" ಅಂದಳು.

"ಹುಚ್ಚೀ, ಯಾರಿಡ್ತಾರ? ಬೆನ್ನು ಸವರಿ, ಹಾಲಾಗ ಮಿದ್ದು ಕೊಡ್ತೇವಿ."

"ನಾನೂ ಅದನ್ನ ಮಾಡಾಕತ್ತೇನ್ರಿ."

ಸಣ್ಣ ಪ್ರೋಗ್ರಾಮುಗಳನ್ನು ಒಂದೊಂದು ಬೇರೆ ಕೋಣೆಯಲ್ಲಿ ಕೂಡಿಸಿದಳು, ಒಂದು ಬಿದ್ದರೆ ಇನ್ನೊಂದು ಬೀಳಬಾರದು ಅಂತ. ಬಿದ್ದದ್ದನ್ನು ಆ ಸುದ್ದಿ ಬರುವ ಮೊದಲು ಹೇಗಿತ್ತೋ ಹಾಗೆ ತಾನಾಗಿಯೇ ಎಬ್ಬಿಸುವುದು. ಆಮೇಲೆ 'ವೈರು ಹರಿದಿದೆ' ಅನ್ನುವುದರ ಬದಲು 'ಆ ಊರಿನ ಪೆಟ್ಟಿಗೆಯೇ ಸದ್ಯಕ್ಕೆ ಇಲ್ಲ ಅಂತ ತಿಳಿ' ಅನ್ನುವುದು. ಆ ಮಾತು ಅದಕ್ಕೆ ಅರಗುತ್ತದಂತೆ, ಉಳಿದ ಊರುಗಳಿಗೆ ಬೇರೆ ದಾರಿ ಹಿಡಿಯುತ್ತದಂತೆ.

"ಹಂಗಾರ ಬಗ್ ಹೋತಿಲ್ಲೋ?"

"ಎಲ್ಲಾ ಬಗ್ ಹುಡುಕಿ ತಗಿಯಾಕ ಯಾರಿಂದಾಗತೈತ್ರಿ? ಬಗ್ ಇದ್ರೂ ಬಾಳೇವು ನಡೀಬೇಕು."

"ನಿಮ್ಮ ಮಾವನ್ನ ನೋಡಿ ಕಲ್ತಿ ಬಿಡವಾ" ಅಂದೆ. ಪಡಸಾಲೆಯಲ್ಲಿದ್ದ ನಮ್ಮ ಮನೆಯವರು ಕೆಮ್ಮಿದರು.

ನಾಳೆಯ ಪರೀಕ್ಷೆ ಅಂದರೆ ಇದು: ಮಾಲಕರು ತಾವೇ ಹಾನಗಲ್ಲಿನ ವೈರು ತೆಗೆಸುತ್ತಾರೆ, ಆ ಕೆಟ್ಟ ಪ್ರೋಗ್ರಾಮನ್ನು ಹಾಗೇ ಇಟ್ಟು. ಸೊಸೆ ಕೈ ಹಚ್ಚಬಾರದು. ತಾನಾಗಿ ಎದ್ದರೆ ಸರಿ. ಏಳದಿದ್ದರೆ ದಶಮಿ ಮುಗಿದ ಮೇಲೆ ಹಳೆಯ ಪದ್ಧತಿಯೇ ಬರುತ್ತದೆ, ಸೊಸೆಯ ಕೆಲಸ ಅವರಿಗೆ ಬೇಕಾಗುವುದಿಲ್ಲ. ಎರಡು ವರ್ಷದ ಕೂಸು ಕಟ್ಟಿಕೊಂಡವಳಿಗೆ ಮನೆಯಲ್ಲಿ ಕೂತು ಮಾಡುವ ಇಂಥ ಕೆಲಸ ಮತ್ತೆಲ್ಲಿ ಸಿಗಬೇಕು? ಕೆಲಸ ಚಲೋ ನಡೆದ ದಿನ ಅವಳು ರೊಟ್ಟಿ ಬಡಿಯುವ ಸಪ್ಪಳವೇ ಬೇರೆ. ಆ ಸಪ್ಪಳ ನಿಲ್ಲಬಾರದು ಅಂತ ನನ್ನ ಆಸೆ.

ಮರುದಿನ ದೇವರ ಜಗಲಿಯ ಮೇಲೆ ಈಳಗಿ, ಕುಡಗೋಲು, ಲಟ್ಟಣಿಗೆ ಇಟ್ಟೆ. ಮಗ ಶಿಗ್ಗಾಂವಿಯ ತನ್ನ ಅಂಗಡಿ ಪೂಜೆಗೆ ಹೋಗಿದ್ದ. ನಮ್ಮ ಮನೆಯವರು ಟಿವಿಯ ರಿಮೋಟು ತಂದಿಟ್ಟು, "ಇದ ನನ್ನ ಆಯುಧ" ಅಂದರು.

"ಹಂಗಾರ ದಶಮಿತನಾ ಮುಟ್ಟಬ್ಯಾಡ್ರಿ" ಅಂದೆ. ರಿಮೋಟು ವಾಪಸು ತೆಗೆದುಕೊಂಡು ಹೋದರು.

ಸೊಸೆ ಕಂಪ್ಯೂಟರನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. "ಅತ್ತ್ಯಾರ, ಎದುರಿಗಿದ್ರ ನನಗ ತಡಿಯಾಕ ಆಗಂಗಿಲ್ರಿ. ಕೈ ಹೋಗೇ ಬಿಡತೈತಿ."

"ಕೊಡಿಲ್ಲೆ" ಅಂದೆ. ಮುಚ್ಚಿದ ಕಂಪ್ಯೂಟರನ್ನು ಈಳಗಿಯ ಪಕ್ಕ ಇಟ್ಟು, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದೆ. "ಪೂಜಿಗೆ ಕುಂತದ್ದನ್ನ ಮುಟ್ಟಬಾರದು. ಈಗ ಅದು ಶಿವನ ಸುಪರ್ದಿ."

ಮಂಗಳಾರತಿ ಆಯಿತು. ಹಿರೇಕೆರೂರಿನ ನನ್ನ ತಂಗಿಯ ಮನೆಗೂ ಇದೇ ಕಂಪನಿಯ ಲೈನು, ಅದೂ ಹಾನಗಲ್ಲಿನ ಮೇಲಿಂದ ಹಾದು ಹೋಗುವುದು. "ಸಣ್ಣತ್ತ್ಯಾರಿಗೆ ವಿಡಿಯೋ ಕಾಲ್ ಹಚ್ರಿ" ಅಂದಳು ಸೊಸೆ. "ಏನೂ ಹೇಳಬ್ಯಾಡ್ರಿ, ಮಾತಾಡ್ಕೋತ ಇರ್ರಿ." ನನ್ನ ತಂಗಿ ಬಾಯಿ ತೆರೆದರೆ ನಾವು ಮಾತಾಡುವ ಪ್ರಸಂಗವೇ ಬರುವುದಿಲ್ಲ. ಮಾಸೂರಿನ ಹೊಲದಿಂದ ಬೆಳೆಗೆ ಕೀಟದ ಎಣ್ಣೆ ಹೊಡೆಯುವ ಪಂಪು ತಂದು ಪೂಜೆಗಿಟ್ಟಿದ್ದರು. ಅದಕ್ಕೆ ಎಷ್ಟು ದೊಡ್ಡ ಹಾರ ಹಾಕಿದ್ದಾರೆ ಅಂತ ಕೈ ಅಗಲ ಮಾಡಿ ತೋರಿಸುತ್ತಿದ್ದಳು. ಹಾಗೇ ನಿಂತಳು. ಬಾಯಿ ತೆರೆದಂತೆ, ಕೈ ಅಗಲ ಮಾಡಿದಂತೆ.

"ವೈರ್ ತಗದ್ರು" ಅಂದಳು ಸೊಸೆ, ಉಸುರಿನಲ್ಲೇ.

ಅವಳ ಕೈ ಜಗಲಿಯ ಕಡೆ ಹೋಯಿತು. ನಾನು ಮುಂಗೈ ಹಿಡಿದುಕೊಂಡೆ. "ಬ್ಯಾಡವಾ" ಅಂದೆ. ಒಳಗೆ ಮಾತ್ರ ಶಿವಾ ಶಿವಾ ಅನ್ನುತ್ತಿದ್ದೆ. ಕೂಸು ಮಲಗಿತ್ತು, ಕರೆಂಟು ಇತ್ತು. ಇಷ್ಟು ಕೊಟ್ಟವನು ಇನ್ನೊಂದೀಟು ಕೊಡಲಿ ಅಂತ.

"...ಪಂಪಿಗೆ ಯಾಕ ಇಷ್ಟ ಹಾರ ಅಂದ್ರ ಕೇಳವಲ್ಲರು" ಅಂತ ತಂಗಿ ಮುಂದುವರಿಸಿಯೇಬಿಟ್ಟಳು. "ಯಾಕಕ್ಕಾ, ಹಂಗ್ಯಾಕ ಕಣ್ಣು ಬಿಟ್ಕೊಂಡು ಕುಂತಿ? ನನ್ನ ಮಾರಿಗೆ ಏನಾರ ಹತ್ತೇತೇನು?"

ಸೊಸೆ ನನ್ನ ಹೆಗಲಿಗೆ ಮುಖ ಒತ್ತಿದಳು. ಸೀರೆ ಒದ್ದೆಯಾಯಿತು. ತಂಗಿಗೆ ಏನೂ ಗೊತ್ತಾಗಿರಲಿಲ್ಲ. ಗೊತ್ತಾಗದ್ದೇ ಸೊಸೆಯ ಗೆಲುವು.

ಸ್ವಲ್ಪ ಹೊತ್ತಿಗೆ ಮಾಲಕರ ಫೋನು. "ಖರೇ ಹೇಳ್ರಿ, ಕೈ ಹಚ್ಚಿದ್ರೇನು?"

"ಇಲ್ರಿ ಸರ್. ಕಂಪ್ಯೂಟರ್ ಪೂಜಿಗೆ ಕುಂತೈತ್ರಿ."

ಆ ಕಡೆಯಿಂದ ಜೋರು ನಗೆ. "ಇರ್ಲಿ ಬಿಡ್ರಿ, ದಶಮಿ ಆದ ಮ್ಯಾಲ ಏಳಲಿ. ಆಮ್ಯಾಲ ನಿಮ್ಮ ಕೆಲಸ ನಿಮ್ಮದ."

ಪೂರಾ ನಷ್ಟವಿಲ್ಲದೆ ಆಗಲಿಲ್ಲ. 'ಪೆಟ್ಟಿಗೆಯೇ ಇಲ್ಲ ಅಂತ ತಿಳಿ' ಅಂದದ್ದಕ್ಕೆ ಹಾನಗಲ್ಲಿನ ಮನೆಗಳಿಗೆ ವೈರು ಕೂಡಿಸುವತನಕ ಇಂಟರ್ನೆಟ್ ಇರಲಿಲ್ಲ. "ಮೂರು ಊರು ಉಳದ್ವು, ಒಂದು ಉಪಾಸ ಕುಂತಿತ್ರಿ" ಅಂತ ಸೊಸೆ ಮರುಗಿದಳು. ಅದನ್ನೂ ಸರಿ ಮಾಡಬೇಕಂತೆ. ಹಾನಗಲ್ಲಿನವರ ಪಾಲಿಗೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿದೆ.

ಎಡೆಗೆ ಇನ್ನೂ ಪಲ್ಯ ಆಗಿರಲಿಲ್ಲ. ಈಳಗಿ ಜಗಲಿಯ ಮೇಲೆ ಹೂ ಏರಿಸಿಕೊಂಡು ಕೂತಿತ್ತು. ಮೊರದಲ್ಲಿ ಚವಳಿಕಾಯಿ ಹಾಕಿಕೊಂಡು ಕೈಯಿಂದಲೇ ಮುರಿಯುತ್ತ ಕೂತೆ. ಸೊಸೆ ಎದುರಿಗೆ ಕೂತು ನಾರು ತೆಗೆದಳು.