ಜೊತೆಗೆಂದು ತಂದ ಗಿಣಿ

ಸರೋಜ, ನಮ್ಮ ಮನೆಯ ಗಿಣಿ ಮಾತು ಬಿಟ್ಟದ್ದು ನಿನ್ನಿಂದಲ್ಲ. ನನ್ನಿಂದ. ಗೊತ್ತಿಲ್ಲದೆ ಆದ ತಪ್ಪೂ ಅಲ್ಲ — ಗೊತ್ತಿದ್ದೇ, ಬೇಕೆಂದೇ, ಎಂಟು ದಿನ ಯೋಚನೆ ಮಾಡಿಯೇ ಬಿಡಿಸಿದೆ. ಹದಿನೇಳು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ತಲೆ ಬಾಚಿದ್ದೇನೆ, ನಿನ್ನ ಮದುವೆಯಲ್ಲಿ ನಿಮ್ಮಪ್ಪನ ಪಕ್ಕ ನಿಂತು ಧಾರೆ ಎರೆದಿದ್ದೇನೆ, ನಿನ್ನ ಬಾಣಂತನ ಮಾಡಿದ್ದೇನೆ. ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ. ನನ್ನ ಬುದ್ಧಿ ನನಗೆ ಗೊತ್ತು — ಸುತ್ತಿ ಬಳಸಿ ಬಂದರೆ ಕೊನೆಗೆ ಹೇಳಬೇಕಾದ್ದನ್ನು ಹೇಳದೆಯೇ ಕಾಗದ ಮಡಚಿ ಇಟ್ಟುಬಿಡುತ್ತೇನೆ.

ನಾನು ಮೇಟಗಳ್ಳಿಯಿಂದ ಬಂದಾಗ ನಿನಗೆ ಏಳು ವರ್ಷ. ನಿನ್ನ ಹೆತ್ತವ್ವ ಗೌರಮ್ಮ ಜ್ವರದಲ್ಲಿ ಹೋಗಿ ಒಂದೂವರೆ ವರ್ಷವಾಗಿತ್ತು. ಚಾಮುಂಡಿಪುರಂನ ಆ ವಠಾರ ನಿನಗೆ ಚೆನ್ನಾಗಿ ನೆನಪಿರಬೇಕು — ಕೆಳಗೆ ಐದು ಮನೆ, ಮೇಲೆ ನಾಲ್ಕು, ಎಲ್ಲರಿಗೂ ಒಂದೇ ನಲ್ಲಿ. ನಮ್ಮದು ಮಹಡಿಯ ಮೂಲೆ ಮನೆ. ಎರಡು ಕೋಣೆ, ಹೊಗೆ ಹೋಗದ ಒಂದು ಅಡುಗೆಮನೆ, ಮುಂದೆ ಕಟಕಟೆ ಹಾಕಿದ ಉದ್ದನೆಯ ಮೊಗಸಾಲೆ. ಊರಲ್ಲಿ ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ಮಾತಾಡಿ ರೂಢಿಯಾದವಳು ನಾನು. ಇಲ್ಲಿ ಕೆಮ್ಮಿದರೂ ಪಕ್ಕದ ಮನೆಯವರು ಕಷಾಯದ ಪಾಠ ಹೇಳುತ್ತಿದ್ದರು. ಆದರೂ ಆ ವಠಾರದಷ್ಟು ಇಷ್ಟಪಟ್ಟ ಮನೆ ನನಗೆ ಇನ್ನೊಂದಿಲ್ಲ. ಸಾಯಂಕಾಲ ಬೆಟ್ಟದ ಮೇಲೆ ದೀಪ ಹತ್ತುವ ಹೊತ್ತಿಗೆ ಎಲ್ಲ ಹೆಂಗಸರೂ ಮಹಡಿ ಮೆಟ್ಟಿಲ ಮೇಲೆ ಕೂತು ಹೂವು ಕಟ್ಟುತ್ತಿದ್ದೆವು. ಮಲ್ಲಿಗೆ ಒಬ್ಬರದು, ಬಾಳೆನಾರು ಒಬ್ಬರದು, ಹರಟೆ ಎಲ್ಲರದು.

ಮದುವೆಯಾಗಿ ಬಂದ ಮೊದಲ ಬೆಳಗ್ಗೆ ನಾನು ಹಾಸಿಗೆ ಸುತ್ತುತ್ತಿದ್ದೆ. ಮೊಗಸಾಲೆಯಿಂದ ಒಂದು ಹೆಣ್ಣು ದನಿ, ಗಡಿಬಿಡಿಯ ದನಿ: ‘‘ಹಾಲುಕ್ತು ಕಣಮ್ಮಿ, ನೋಡು!’’ ಸೆರಗು ಸಿಕ್ಕಿಸಿಕೊಂಡು ಓಡಿದೆ. ಒಲೆಯೇ ಹಚ್ಚಿರಲಿಲ್ಲ. ಹಾಲಿನವನು ಇನ್ನೂ ಬಂದಿರಲಿಲ್ಲ. ನಿಮ್ಮಜ್ಜಿ ಬಾಗಿಲಲ್ಲಿ ನಿಂತು ಬಿದ್ದೂ ಬಿದ್ದೂ ನಕ್ಕರು — ನಕ್ಕು ನಕ್ಕು ಕಡೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅದು ನಮ್ಮ ಗೌರಿ ಕಣವ್ವ ಎಂದರು. ಪಂಜರದಲ್ಲಿ ಗಿಣಿ. ಮರಿಯಾಗಿದ್ದಾಗಿನಿಂದ ನಿನ್ನವ್ವ ಸಾಕಿದ್ದ ರಾಮ. ಅವಳ ಬಾಯಿಂದ ಬಂದದ್ದನ್ನೆಲ್ಲ ಅವಳದೇ ದನಿಯಲ್ಲಿ, ಅವಳದೇ ಎಳೆತದಲ್ಲಿ ಕಲಿತಿತ್ತು.

ಆ ಹಾಲಿನ ಮಾತಿಗೆ ನಾನು ಇನ್ನೂ ಮೂರು ಸಲ ಮೋಸಹೋದೆ. ವಠಾರದಲ್ಲೆಲ್ಲ ಅದು ತಮಾಷೆಯಾಯಿತು. ನಲ್ಲಿಯ ಹತ್ತಿರ ನಿಂತಿದ್ದರೆ, ಹೋಗಮ್ಮ, ಮೇಲೆ ನಿಮ್ಮಕ್ಕ ಕರೀತಾವ್ರೆ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹತ್ತೊಂಬತ್ತು ವರ್ಷದವಳು, ನಗದೆ ಏನು ಮಾಡಲಿ? ಬದುಕಿರುವ ಸವತಿಯಾದರೆ ಜಗಳವಾಡಬಹುದು, ಎರಡು ದಿನ ಮಾತು ಬಿಡಬಹುದು. ಸತ್ತವಳ ಹತ್ತಿರ ಏನು ಆಡುವುದು? ಮಧ್ಯಾಹ್ನ ಅದು ‘ಊಟಕ್ಕೆ ಬನ್ನಿ’ ಎನ್ನುತ್ತಿತ್ತು. ಭಾನುವಾರ ಮನೆಯಲ್ಲಿದ್ದಾಗ ನಿಮ್ಮಪ್ಪ ಆ ದನಿಗೆ ಪೇಪರಿನಿಂದ ತಲೆ ಎತ್ತುತ್ತಿದ್ದರು, ನನ್ನನ್ನು ನೋಡುತ್ತಿದ್ದರು, ಮತ್ತೆ ತಲೆ ತಗ್ಗಿಸುತ್ತಿದ್ದರು. ಅವರು ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೂ ಆ ತಲೆ ತಗ್ಗಿಸುವುದು ನನಗೆ ಉರಿಯುತ್ತಿತ್ತು.

ಅದನ್ನೂ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಸಹಿಸಲಾಗದ್ದು ಒಂದಿತ್ತು. ನೀನು ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ರಾಮ ಕರೆಯುತ್ತಿತ್ತು — ‘‘ಸರೋ... ಬಾರವ್ವ, ತಲೆ ಬಾಚ್ತೀನಿ.’’ ಬೇರೆ ಮಾತೆಲ್ಲ ಗಡಿಬಿಡಿ. ಇದೊಂದು ಮಾತ್ರ ನಿಧಾನ, ಮೆತ್ತಗೆ. ನೀನು ಬಾಚಣಿಗೆ, ಟೇಪು, ಎಣ್ಣೆಬಟ್ಟಲು ಹಿಡಿದು ಓಡಿಹೋಗಿ ಪಂಜರದ ಕೆಳಗೆ ಬೆನ್ನು ಹಾಕಿ ಕೂರುತ್ತಿದ್ದೆ. ಯಾರೂ ಬಾಚುವವರಿಲ್ಲ ಅಲ್ಲಿ. ಸುಮ್ಮನೆ ಕೂರುವುದು. ಆಮೇಲೆ ನಿಮ್ಮಜ್ಜಿ ಬಂದು ನಡುಗುವ ಕೈಯಲ್ಲಿ ಎರಡು ಸೊಟ್ಟ ಜಡೆ ಹಾಕುತ್ತಿದ್ದರು. ನಾನು ಬಾಚುತ್ತೇನೆ ಬಾ ಎಂದು ಒಂದು ದಿನ ಕರೆದೆ. ನೀನು ತಿರುಗಿಯೂ ನೋಡದೆ, ‘‘ಬ್ಯಾಡ ಚಿಕ್ಕವ್ವ, ಅವ್ವ ಕರೀತಾವ್ಳೆ’’ ಎಂದೆ. ಮಗುವಿನ ಮಾತು. ಅದನ್ನು ನಾನು ಏಟು ಎಂದು ತೆಗೆದುಕೊಂಡೆ.

ಆ ಶ್ರಾವಣದಲ್ಲೇ ಇರಬೇಕು, ಮಾರ್ಕೆಟ್ಟಿಗೆ ವೀಳ್ಯದೆಲೆಗೆ ಹೋಗಿದ್ದೆ. ಹೊರಗೆ ಗೋಡೆಯ ನೆರಳಿನಲ್ಲಿ ಒಬ್ಬ ವಯಸ್ಸಾದ ಸಾಬರು ಗಿಣಿ, ಪಾರಿವಾಳ ಇಟ್ಟುಕೊಂಡು ಕೂರುತ್ತಿದ್ದರು. ನಿಂತು ನೋಡಿದೆ. ಮನೆಯಲ್ಲಿ ಗಿಣಿ ಇದೆಯೇ, ಮಾತಾಡುತ್ತದೆಯೇ ಎಂದು ಕೇಳಿದರು. ಬಾಯಿ ಮುಚ್ಚುವುದೇ ಇಲ್ಲ ಎಂದೆ. ಅವರು ಕೈ ಅಡ್ಡ ಮಾಡಿದರು. ‘‘ಅಂಗಾದ್ರೆ ಇನ್ನೊಂದು ಒಯ್ಬೇಡಿ ಅಮ್ಮ. ಜೋಡಿ ಸಿಕ್ತು ಅಂದ್ರೆ ಮನುಷ್ಯರ ಮಾತು ಮರ್ತುಬಿಡ್ತದೆ. ಅದಕ್ಕೆ ಅದರ ಮಾತೇ ಸಿಕ್ತಲ್ಲ, ನಮ್ದು ಯಾಕೆ ಬೇಕು?’’ ಬಂದ ಗಿರಾಕಿಯನ್ನು ತಾನೇ ವಾಪಸು ಕಳಿಸಿದ ಒಳ್ಳೆಯ ಮನುಷ್ಯ. ಅವರು ಎಚ್ಚರಿಕೆ ಎಂದು ಹೇಳಿದ್ದನ್ನು ನಾನು ಮದ್ದು ಎಂದು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದೆ.

ಎಂಟು ದಿನ. ರಾಗಿ ಬೀಸುವಾಗ, ಮುದ್ದೆ ತೊಳಸುವಾಗ, ಎಲ್ಲ ಹೊತ್ತಿನಲ್ಲೂ ಅದೇ. ಬೇಡ ಎಂದೂ ಅಂದುಕೊಂಡೆ — ಸುಳ್ಳು ಹೇಳಬಾರದು, ನಿಜವಾಗಿಯೂ ಅಂದುಕೊಂಡೆ. ಒಂಬತ್ತನೆಯ ದಿನ ಬೆಳಗ್ಗೆ ಮತ್ತೆ ‘ಸರೋ, ಬಾರವ್ವ’ ಕೇಳಿತು. ನೀನು ಓಡಿದೆ. ಅವತ್ತು ಹೋಗಿ, ಪಕ್ಕದ ಮನೆಯವರಿಗೆ ಬೇಕಂತೆ ಎಂದು ಸಾಬರಿಗೆ ಸುಳ್ಳು ಹೇಳಿ ಗಿಣಿ ತಂದೆ.

ಮನೆಯಲ್ಲಿ ಹೇಳಿದ್ದು ಬೇರೆ. ಪಾಪ, ಒಂಟಿ ಜೀವ, ಅದಕ್ಕೂ ಜೊತೆ ಬೇಡವೇ — ಎಂಥ ಕರುಣೆಯ ಮಾತು! ಮನುಷ್ಯರಿಗೇ ಕಾಲು ಚಾಚಲು ಜಾಗವಿಲ್ಲ, ಇನ್ನೊಂದು ಗಿಣಿಯನ್ನು ಎಲ್ಲಿ ತಲೆ ಮೇಲೆ ಕೂರಿಸಿಕೊಳ್ಳುವುದೇ ಎಂದು ನಿಮ್ಮಜ್ಜಿ ಗೊಣಗಿದರು. ಬೇರೆ ಪಂಜರ ಯಾಕೆ, ಇದರಲ್ಲೇ ಇರಲಿ ಎಂದೆ. ಅದೇ ನನಗೆ ಬೇಕಾಗಿದ್ದದ್ದು. ನೀನಂತೂ ಕುಣಿದಾಡಿಬಿಟ್ಟೆ. ರಾಮನಿಗೆ ಸೀತೆ ಬಂದಳು ಎಂದು ನಿಮ್ಮಪ್ಪ ನಗುತ್ತ ಅಂದರೆ, ಸೀತೆ ಬೇಡ, ಅವಳು ಕಾಡಿಗೆ ಹೋಗಿಬಿಡುತ್ತಾಳೆ ಎಂದು ನೀನೇ ಲಚ್ಚಿ ಎಂದು ಹೆಸರಿಟ್ಟೆ. ಎರಡನೆಯವಳಾಗಿ ಬಂದರೂ ಎಷ್ಟು ದೊಡ್ಡ ಮನಸ್ಸು ನೋಡಿ, ಅಕ್ಕನ ಗಿಣಿಗೂ ಜೊತೆ ತಂದಳು ಎಂದು ವಠಾರವೆಲ್ಲ ಹೊಗಳಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆ ಹೊಗಳಿಕೆಯನ್ನೆಲ್ಲ ಕುಡಿದೆ.

ಮೊದಲ ಹದಿನೈದು ದಿನ ಏನೂ ಆಗಲಿಲ್ಲ. ರಾಮ ಗರಿ ಕೆದರಿಕೊಂಡು ಒಂದು ಮೂಲೆ, ಲಚ್ಚಿ ಕಿರುಚಿಕೊಂಡು ಇನ್ನೊಂದು ಮೂಲೆ. ಆಮೇಲೆ ಒಂದು ಬೆಳಗ್ಗೆ ನೋಡುತ್ತೇನೆ, ಒಂದೇ ಸೀಬೆಹಣ್ಣಿಗೆ ಎರಡೂ ಕೊಕ್ಕು. ಒಂದರ ಕತ್ತಿನ ಗರಿಯನ್ನು ಇನ್ನೊಂದು ಬಿಡಿಸುತ್ತ ಕೂತಿರುತ್ತಿದ್ದವು. ಚೆಂದವಾಗಿತ್ತು, ನಿಜಕ್ಕೂ. ‘ಊಟಕ್ಕೆ ಬನ್ನಿ’ ಮೊದಲು ಹೋಯಿತು. ಆಮೇಲೆ ಹಾಲು. ನನ್ನನ್ನು ಓಡಿಸುತ್ತಿದ್ದ ಹಾಲಿನ ಮಾತು ನಿಂತಾಗ ಅಡುಗೆಮನೆಯಲ್ಲಿ ನನಗೇ ಹೇಗೆ ಹೇಗೋ ಆಯಿತು, ಕೈ ಕೆಲಸ ಬಿಟ್ಟು ಕಿವಿ ಕೊಟ್ಟು ನಿಂತಿದ್ದೆ. ನಿನ್ನ ಹೆಸರು ಮಾತ್ರ ಇನ್ನೂ ಒಂದು ತಿಂಗಳು ಉಳಿಯಿತು. ಒಂದು ದಿನ ಬಿಟ್ಟು ಒಂದು ದಿನ. ಆಮೇಲೆ ಬರೀ ‘ಸರೋ’ — ಮುಂದಿನದ್ದು ಕೀ ಕೀ ಎಂದು ಕರಗಿಹೋಗುತ್ತಿತ್ತು. ಆಮೇಲೆ ಅದೂ ಇಲ್ಲ.

ನೀನು ಪಂಜರದ ಕೆಳಗೆ ಕೂರುವುದನ್ನು ಮಾತ್ರ ಬಿಡಲಿಲ್ಲ. ಬಾಚಣಿಗೆ ಹಿಡಿದು ಕೂತು ಕಾಯುತ್ತಿದ್ದೆ. ಆ ದಿನಗಳಲ್ಲಿ ನಾನು ಸಾಬರ ಹತ್ತಿರ ಹೋಗಿ ಕೇಳಿದೆ ಕೂಡ — ಪಕ್ಕದ ಮನೆಯ ಗಿಣಿಯ ಮಾತು ನಿಂತಿದೆ, ಏನು ಮಾಡಬೇಕು ಎಂದು. ಎರಡನ್ನೂ ಬೇರೆ ಮಾಡಿ, ಒಂದಕ್ಕೊಂದು ಕಾಣದ ಹಾಗೆ ಇಟ್ಟು ನೋಡಿ, ತಡ ಮಾಡಬೇಡಿ ಎಂದರು. ಮನೆಗೆ ಬಂದೆ. ಬೇರೆ ಮಾಡಲಿಲ್ಲ.

ಈಗ ನಿನಗೂ ನೆನಪಿರುವ ಬೆಳಗ್ಗೆಗೆ ಬಂದೆ. ನಾನು ಕಟಕಟೆಗೆ ಒಗೆದ ಬಟ್ಟೆ ಹರವುತ್ತಿದ್ದೆ. ನೀನು ಬಂದು ನನ್ನ ಹಿಂದೆ ನಿಂತೆ. ಬಾಚಣಿಗೆಯನ್ನು ನನ್ನ ಕಡೆ ಚಾಚಿ ಕೈಗಿಟ್ಟೆ. ಇದಕ್ಕಾಗಿ ತಾನೇ ಇಷ್ಟೆಲ್ಲ! ನನ್ನ ಎದೆ ಹಿಗ್ಗಿಹೋಯಿತು — ಅಷ್ಟರಲ್ಲಿ ನಿನ್ನ ಮುಖ ನೋಡಿದೆ. ನೀನು ಅಳುತ್ತಿರಲಿಲ್ಲ. ಸ್ಕೂಲಿನಲ್ಲಿ ತಪ್ಪು ಒಪ್ಪಿಕೊಳ್ಳುವ ಮಕ್ಕಳ ಹಾಗೆ ಕೈ ಕಟ್ಟಿಕೊಂಡು ಹೇಳಿದೆ.

‘‘ಚಿಕ್ಕವ್ವ, ನಾನೇ ಅದ್ನ ಗದರಿಸ್ಬುಟ್ಟೆ. ಅವತ್ತು ಕರೀತಿತ್ತಲ್ಲ, ಸುಮ್ಕಿರು, ನಂಗೆ ಚಿಕ್ಕವ್ವ ಬಾಚ್ತಾರೆ ಅಂದ್ಬುಟ್ಟೆ. ಅದ್ಕೇ ಅವ್ವ ಬೇಜಾರ್ ಮಾಡ್ಕೊಂಡು ಹೊರಟೋದ್ಳು.’’

ಅವತ್ತು ಎಂದರೆ ಯಾವತ್ತು ಎಂದು ಕೇಳಿದೆ. ಲಚ್ಚಿ ಬಂದ ವಾರ ಎಂದೆ ನೀನು. ಹಬ್ಬಕ್ಕೆ ನಾನು ನಿನಗೆ ಹೊಸ ಟೇಪು ತಂದಿದ್ದೆನಲ್ಲ, ಅದನ್ನು ನನ್ನ ಕೈಯಲ್ಲೇ ಹಾಕಿಸಿಕೊಳ್ಳಬೇಕೆಂದು ನೀನಾಗಿಯೇ ಆಸೆಪಟ್ಟಿದ್ದೆಯಂತೆ. ಹೇಳಲು ನಾಚಿಕೆಯಾಗಿ ಹೇಳಿರಲಿಲ್ಲವಂತೆ. ತಿಳಿಯಿತೇ ಸರೋಜ? ನೀನು ಆಗಲೇ ನನ್ನ ಕಡೆ ಬರುತ್ತಿದ್ದೆ. ನಿನ್ನ ಪಾಡಿಗೆ ನೀನು ಬರುತ್ತಿದ್ದೆ. ನಾನು ಸುಮ್ಮನೆ ಕಾದಿದ್ದರೆ ಸಾಕಿತ್ತು — ಅವಳ ದನಿಯೂ ಇರುತ್ತಿತ್ತು, ನಿನ್ನ ಜಡೆಯೂ ನನ್ನ ಕೈಯಲ್ಲಿರುತ್ತಿತ್ತು.

ಆಗಲಾದರೂ ಹೇಳಬಹುದಿತ್ತು. ಇಲ್ಲ ಕಂದ, ಜೋಡಿ ಸಿಕ್ಕ ಗಿಣಿ ಮಾತು ಬಿಡುತ್ತದೆ, ನಿನ್ನದೇನೂ ತಪ್ಪಿಲ್ಲ — ಇಷ್ಟೇ ಮಾತು. ಹೇಳಿದರೆ, ಹಾಗಾದರೆ ಯಾಕೆ ತಂದೆ ಎಂದು ನೀನು ಕೇಳುತ್ತಿದ್ದೆ. ನೀನು ಕೇಳದಿದ್ದರೆ ನಿಮ್ಮಜ್ಜಿ ಕೇಳುತ್ತಿದ್ದರು. ನಾನು ನಿನ್ನನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದೆ. ಬೈತಲೆ ತೆಗೆದೆ. ತೆಗೆಯುತ್ತ ಈ ಬಾಯಿಂದ ಹೇಳಿದೆ —

‘‘ಆಗೋದಾಗೋಯ್ತು, ಬುಡವ್ವ. ಇನ್ಮೇಲೆ ಯಾರ್ಗೂ ಅಂಗೆ ಗದರಿಸ್ಬ್ಯಾಡ.’’

ನೀನು ತಲೆಯಾಡಿಸಿದೆ. ನನ್ನ ಪಾಪವನ್ನು ನಿನ್ನ ತಲೆಯ ಮೇಲಿಟ್ಟು, ಮೇಲೆ ಬುದ್ಧಿವಾದವನ್ನೂ ಹೇಳಿದೆ! ಆ ವಾರವೇ ನೀನು ನನ್ನನ್ನು ಅವ್ವ ಎಂದು ಕರೆಯಲು ಶುರು ಮಾಡಿದೆ. ಪ್ರೀತಿಯಿಂದ ಕರೆದೆಯೋ, ಇದೊಬ್ಬಳಾದರೂ ಬಿಟ್ಟುಹೋಗದಿರಲಿ ಎಂದು ಕರೆದೆಯೋ — ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಆಮೇಲಿನ ವರ್ಷಗಳು ಚೆನ್ನಾಗಿಯೇ ಇದ್ದವು, ಅದನ್ನೂ ಮುಚ್ಚಿಡಲಾರೆ. ನೀನು ಸ್ಕೂಲಿನ ಹಾಡು ಕಲಿತು ಬಂದು ಮೆಟ್ಟಿಲ ಮೇಲೆ ಹೇಳಿಕೊಡುತ್ತಿದ್ದದ್ದು, ದಸರೆಯಲ್ಲಿ ನಿನ್ನನ್ನು ಸೊಂಟದ ಮೇಲೆ ಹೊತ್ತು ಜಂಬೂಸವಾರಿ ತೋರಿಸಿ ಮೂರು ದಿನ ಸೊಂಟ ಹಿಡಿದುಕೊಂಡು ಓಡಾಡಿದ್ದು... ಎಲ್ಲ ನಿಜ, ಎಲ್ಲ ನನ್ನದೇ. ಲಚ್ಚಿ ಒಂದು ಚಳಿಗಾಲದಲ್ಲಿ ಸತ್ತಿತು. ಒಂಟಿಯಾದ ರಾಮ ಮತ್ತೆ ಮಾತಾಡುತ್ತದೇನೋ ಎಂದು ನೀನು ಎಷ್ಟು ದಿನ ಕಾದೆ! ಹೆದರಿಕೊಂಡು ನಾನೂ ಕಾದೆ. ಅದು ಮಾತಾಡಲಿಲ್ಲ, ಕಾಳು ಮುಟ್ಟಲಿಲ್ಲ, ಎರಡು ತಿಂಗಳಲ್ಲಿ ಹೋಯಿತು. ನಿಮ್ಮಜ್ಜಿಯೂ ಹೋದರು. ಈಗ ನಿನ್ನವ್ವನ ದನಿ ಹೇಗಿತ್ತು ಎಂದು ಕೇಳಿದರೆ ನಿಮ್ಮಪ್ಪನಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಒಂದು ಸಲವೂ ಅವಳ ಮುಖ ನೋಡದ ನನಗೆ ಮಾತ್ರ ಚೆನ್ನಾಗಿ ನೆನಪಿದೆ.

ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎನ್ನುತ್ತೀಯ. ಹೋದ ಸೋಮವಾರ ಸರಸ್ವತೀಪುರಂಗೆ ನಿನ್ನ ಮನೆಗೆ ಬಂದಿದ್ದೆನಲ್ಲ. ನಿನ್ನ ಮಗಳು ಕೆಲಸದಾಕೆಗೆ, ಏ ಸುಮ್ಕಿರು ಎಂದು ಕೂಗಿದಳು. ಮೂರು ವರ್ಷದ ಮಗು, ನಾವಾಡುವುದನ್ನೇ ಆಡಿತು, ನಾನು ನಕ್ಕೆ. ನೀನು ನಗಲಿಲ್ಲ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ‘‘ಯಾರ್ನೂ ಸುಮ್ಕಿರು ಅನ್ಬಾರ್ದು ಕಣವ್ವ. ನಾನೊಂದ್ಸಲ ಅಂದು ಕಳ್ಕೊಂಡಿದೀನಿ’’ ಎಂದೆ. ನನಗೆ ಕೇಳಿಸಲಿಲ್ಲ ಎಂದುಕೊಂಡು ಒಳಗೆ ಹೋಗಿ ಕಾಫಿ ತಂದುಕೊಟ್ಟೆ. ನಾನು ಕುಡಿದು ಬಂದೆ.

ಹದಿನೇಳು ವರ್ಷದಲ್ಲಿ ಅದು ತಾನಾಗಿಯೇ ಆರಿಹೋಗಿದೆ, ಮಕ್ಕಳಿಗೆ ಏನು ನೆನಪಿರುತ್ತದೆ ಎಂದುಕೊಂಡಿದ್ದೆ. ಆರಿಲ್ಲ. ನನ್ನ ಸುಳ್ಳು ಈಗ ಆ ಕೂಸಿನ ಮೇಲೂ ಇಳಿಯುತ್ತಿದೆ.

ಚಿಕ್ಕವಳಿದ್ದೆ ಎಂದು ಬರೆಯಬಹುದು. ಬರೆಯುವುದಿಲ್ಲ. ನೀನು ನನಗಿಂತ ಚಿಕ್ಕವಳಿದ್ದೆ. ಕ್ಷಮಿಸು ಎಂದೂ ಕೇಳುವುದಿಲ್ಲ. ಕೇಳಿದರೆ ನಿನ್ನ ಗುಣಕ್ಕೆ ನೀನು ಕೂಡಲೇ ಕ್ಷಮಿಸಿಬಿಡುತ್ತೀಯ, ಅಷ್ಟಕ್ಕೇ ನಾನು ಹಗುರವಾಗಿಬಿಡುತ್ತೇನೆ.

ಇದನ್ನು ಅಂಚೆಗೆ ಹಾಕಿದರೆ ನಿನ್ನ ಮುಖ ನೋಡುವ ಕಷ್ಟ ತಪ್ಪುತ್ತದೆ. ಅದಕ್ಕೇ ಹಾಕುವುದಿಲ್ಲ. ನಾಳೆ ನಿನ್ನ ಗಂಡ ಕೆಲಸಕ್ಕೆ ಹೋದ ಮೇಲೆ ನಾನೇ ತರುತ್ತೇನೆ. ನೀನು ಓದಿ ಮುಗಿಸುವವರೆಗೆ ನಿನ್ನ ಎದುರಿಗೇ ಕೂತಿರುತ್ತೇನೆ. ಆಮೇಲೆ ಹೋಗು ಎಂದರೆ ಹೋಗುತ್ತೇನೆ. ಒಂದೇ ಒಂದು ಕಷ್ಟ — ಬಾಗಿಲು ತೆಗೆದ ಕೂಡಲೇ ನೀನು ಎಂದಿನಂತೆ ‘ಬಾರವ್ವ’ ಎಂದುಬಿಡುತ್ತೀಯ. ಓದುವ ತನಕ ಹಾಗೆ ಕರೆಯಬೇಡ ಎಂದು ನಿನಗೆ ಮೊದಲೇ ತಿಳಿಸಲು ನನಗೆ ದಾರಿಯಿಲ್ಲ. ಆ ಕರೆಯನ್ನೂ ತೆಗೆದುಕೊಂಡೇ ಈ ಕಾಗದವನ್ನು ನಿನ್ನ ಕೈಗಿಡಬೇಕು.