ಮೊದಲು ಬಾಯಿ ನೋಡುವ ನರ್ಸಮ್ಮ

ಪರಶುರಾಂಪುರದ ಆಚೆಯ ಹಟ್ಟಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಕುರಿ ರೊಪ್ಪದ ಮುಳ್ಳುಬೇಲಿಯ ಹೊರಗೆ ನಿಂತ ಗಂಗಲಕ್ಷ್ಮಿ ಮರಿಗಳನ್ನು ಎಣಿಸುತ್ತಿದ್ದಾರೆ. ಒಳಗೆ ಇಪ್ಪತ್ತಾರರ ತಿಪ್ಪಯ್ಯ ಒಂದೊಂದೇ ಮರಿಯನ್ನು ಎತ್ತಿ ಅದರದರ ತಾಯಿಯ ಕೆಚ್ಚಲಿಗೆ ಬಿಡುತ್ತಿದ್ದಾನೆ. ಮೂವತ್ತೊಂದು ಮರಿ, ತಾಯಿ ತಪ್ಪಿದ್ದು ಎರಡು. ಗಂಗಲಕ್ಷ್ಮಿ ಬರೆದುಕೊಳ್ಳುತ್ತಾರೆ. ಅವರು ಪಶು ಆಸ್ಪತ್ರೆಯವರಲ್ಲ, ಆರೋಗ್ಯ ಉಪಕೇಂದ್ರದ ನರ್ಸಮ್ಮ. ಬರೆದದ್ದೂ ಕುರಿಯ ಲೆಕ್ಕವಲ್ಲ, ಮಾತ್ರೆಯ ಲೆಕ್ಕ.

ತಿಪ್ಪಯ್ಯನಿಗೆ ಹುಟ್ಟಿನಿಂದ ಬುದ್ಧಿ ನಿಧಾನ. ೧೯೯೮ರ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದ. ಊಟ ತಳ್ಳಿದ, ಕೂಗಾಡಿದ. ಹಟ್ಟಿಯವರು ಹುಚ್ಚು ಎಂದರು. ಗಂಗಲಕ್ಷ್ಮಿ ಪಟ್ಟಣದ ಡಾಕ್ಟರಿಂದ ಮಾತ್ರೆ ಬರೆಸಿ ತಂದರು. ಡಾಕ್ಟರು ತಿಪ್ಪಯ್ಯನನ್ನು ನೋಡಲಿಲ್ಲ, ಅವನ ಚೀಟಿ ನೋಡಿದರು. ತಿಂಗಳು ತಿಂಗಳು ಬಸ್ಸು ಹತ್ತಿದ್ದೂ ಚೀಟಿಯೇ.

"'ಕಮ್ಮಿ ಆಗಿಲ್ಲ ಸಾರ್' ಅಂತ ನಾನೇ ಹೇಳ್ತಿದ್ದೆ. ಅವ್ರು ಇನ್ನೊಂದು ಮಾತ್ರೆ ಬರೀತಿದ್ರು. ಮೂರು ವರ್ಷ! ಕೊನೀಗೆ ಕೂಗೋದು ನಿಂತೋಯ್ತು. ರಿಪೋರ್ಟ್‌ನಾಗೆ 'ಸುಧಾರಿಸಿದೆ' ಅಂತ ಬರ್ದೆ," ಎನ್ನುತ್ತಾರೆ ಗಂಗಲಕ್ಷ್ಮಿ.

ಸುಧಾರಿಸಿದವನು ಗೋಡೆಗೆ ಒರಗಿ ಜೊಲ್ಲು ಸುರಿಸುತ್ತ ಕೂತಿದ್ದ. ಕೈ ನಡುಗುತ್ತಿತ್ತು. ಯಾವ ಮರಿ ಯಾವ ಕುರಿಯದೆಂಬುದೂ ಮರೆತುಹೋಗಿತ್ತು. ಒಂದು ದಿನ ಅವನ ಅವ್ವ ಕರಿಯಕ್ಕ, ಮೇವು ಬಿಟ್ಟ ಕುರಿಯ ದವಡೆ ಅಗಲಿಸಿ ನೋಡುತ್ತಿದ್ದವಳು, ಹಾಗೇ ಕೈ ನಿಲ್ಲಿಸಿದಳು: "ಕುರಿ ಮೇವು ಬಿಟ್ರೆ ಮೊದ್ಲು ಬಾಯಿ ನೋಡ್ತೀವಿ ಕಣವ್ವ. ನನ್ ಮಗನ ಬಾಯಿ ನೀನೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ."

ನೋಡಿದರೆ, ಹಿಂದಿನ ದವಡೆಹಲ್ಲು ಬೇರಿನವರೆಗೆ ಕೊಳೆತಿತ್ತು.

ಹಲ್ಲು ಕೀಳಿಸಿದ್ದಾಯಿತು. ಚಳ್ಳಕೆರೆಯ ಮಾನಸಿಕ ಆರೋಗ್ಯ ಶಿಬಿರಕ್ಕೆ ಚೀಟಿಯ ಬದಲು ತಿಪ್ಪಯ್ಯನೇ ಬಸ್ಸು ಹತ್ತಿದ. ಅಲ್ಲಿಯ ಡಾಕ್ಟರು ಒಮ್ಮೆಲೇ ನಿಲ್ಲಿಸಬೇಡಿ ಎಂದು ಎಚ್ಚರಿಸಿ, ಎಂಟು ತಿಂಗಳಿಂದ ಮಾತ್ರೆಯನ್ನು ಚೂರುಚೂರೇ ಇಳಿಸುತ್ತಿದ್ದಾರೆ. ಹೇಗಿದ್ದಾನೆ ಎಂದು ಅವರು ಕೇಳಿದರೆ ಗಂಗಲಕ್ಷ್ಮಿ ಮರಿಗಳ ಲೆಕ್ಕ ಒಪ್ಪಿಸುತ್ತಾರೆ. ಅವರ ಸುತ್ತಿನ ಹಟ್ಟಿಗಳಲ್ಲಿ ತಿಪ್ಪಯ್ಯನಂಥವರು ಒಂಬತ್ತು ಮಂದಿ. ಬಾಯಿ, ಕಿವಿ, ಹೊಟ್ಟೆ ನೋಡದೆ ಈಗ ಯಾರ ಚೀಟಿಯನ್ನೂ ಅವರು ಮುಟ್ಟುವುದಿಲ್ಲ.

"ಫೋಟೋ ಬ್ಯಾಡ ಸಾರ್. ಪೇಪರ್‌ನಾಗೆ ನನ್ ಹೆಸರು ಮಾತ್ರ ಹಾಕ್ರಿ. ತಪ್ಪು ಮಾಡಿದ್ದು ಯಾರಂತ ಗೊತ್ತಾಗ್ಲಿ."

ರೊಪ್ಪದಿಂದ ಹೊರಬಂದ ತಿಪ್ಪಯ್ಯ ನರ್ಸಮ್ಮನನ್ನು ಕಂಡದ್ದೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. "ಲೇ, ಇವತ್ತು ಮಾತ್ರೆ ತಂದಿಲ್ಲ ಕಣೋ!" ಎಂದು ಕರಿಯಕ್ಕ ನಗುತ್ತಾಳೆ. ಅವನು ನಂಬುವುದಿಲ್ಲ.

ಗಂಗಲಕ್ಷ್ಮಿಗೆ ನಗು ಬರುವುದಿಲ್ಲ. "ನನ್ ನೋಡಿ ನಗೋದು ದೂರದ ಮಾತು ಬಿಡ್ರಿ. ನನ್ ಮುಂದೆ ಒಂದ್ಸಲ ಬಾಯಿ ತೆಗ್ದು ಆಕಳಿಸ್ಲಿ, ಸಾಕು."