ಬೋರ್ಡೋಗೆ ಫೆಬ್ರವರಿ ಟಿಕೆಟ್

ಫೆಬ್ರವರಿಯಲ್ಲೇ ಹೋಗೋಣ ಎಂದು ನಿರ್ಧರಿಸಿದವನು ನಾನೇ. ವಿಜಯಪುರದ ನಮ್ಮ ಮಾವ ದ್ರಾಕ್ಷಿ ತೋಟವನ್ನು ಮಗನ ಕೈಗೆ ಕೊಟ್ಟು ಮೆಲ್ಬರ್ನ್‌ನ ನಮ್ಮ ಮನೆಗೆ ಬಂದಿದ್ದರು. ವೈನ್ ಮುಟ್ಟುವವರಲ್ಲ. ಆದರೆ ಮೂವತ್ತು ವರ್ಷ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆದವರು. ಆ ಔಷಧಿ ಹುಟ್ಟಿದ, ವೈನ್‌ಗೆ ಹೆಸರಾದ ಫ್ರಾನ್ಸಿನ ಬೋರ್ಡೋ ಊರನ್ನು ಒಮ್ಮೆ ನೋಡಬೇಕೆಂಬ ಆಸೆ. ಫೆಬ್ರವರಿಯಲ್ಲಿ ವಿಜಯಪುರದಲ್ಲೂ ದ್ರಾಕ್ಷಿ ಕೊಯ್ಲು, ಮೆಲ್ಬರ್ನ್ ಪಕ್ಕದಲ್ಲೂ ಕೊಯ್ಲು. ಫ್ರಾನ್ಸಿನ ದ್ರಾಕ್ಷಿಗೇನು ಬೇರೆ ಪಂಚಾಂಗವೇ? ಮಾವ, ಹೆಂಡತಿ, ನಾನು, ಮೂವರಿಗೂ ಟಿಕೆಟ್ ಬುಕ್ ಮಾಡಿಬಿಟ್ಟೆ.

ಮರುದಿನ ಡಾಕ್‌ಲ್ಯಾಂಡ್ಸ್ ಆಫೀಸಿನಲ್ಲಿ ಪಕ್ಕದ ಸೀಟಿನ ಸೋಫಿಗೆ ಹೆಮ್ಮೆಯಿಂದ ಹೇಳಿದೆ. ಅವಳು ಬೋರ್ಡೋದವಳೇ.

"ಫೆಬ್ರವರಿನಾ? ಅಲ್ಲಿ ಆಗ ಚಳಿಗಾಲ! ಹಣ್ಣಿರಲಿ, ಒಂದು ಎಲೆಯೂ ಇರಲ್ಲ," ಎಂದು ನಕ್ಕಳು. "ಜನ ಕತ್ತರಿ ಹಿಡ್ಕೊಂಡು ಬಳ್ಳಿ ಸವರ್ತಾ ಇರ್ತಾರೆ, ಅಷ್ಟೇ."

ಸಂಜೆ ಟ್ರಾಮ್‌ನಲ್ಲಿ ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸಿಕೊಂಡೆ. ಮನೆಯಲ್ಲಿ ಮಾವ ಚಹಾ ಕುಡಿಯುತ್ತಿದ್ದರು.

"ಮಾವಾರ, ನಾವು ಹೋದಾಗ ಅಲ್ಲಿ ಹಣ್ಣ ಇರೂದಿಲ್ಲಂತ. ಬರೇ ಬಳ್ಳಿ ಕತ್ತರಸೂದು ನಡದಿರ್ತದಂತ..."

ಮುಂದಿನ ಮಾತಿಗೆ ಅವರು ಬಿಡಲೇ ಇಲ್ಲ. "ಹಣ್ಣ ಏನ್ ನೋಡೂದ್ರಿ, ನಮ್ಮಲ್ಲಿಲ್ಲೇನು? ಕತ್ತರಿ ಎಲ್ಲಿ ಹಚ್ಚತಾರ, ಕಡ್ಡಿ ಮ್ಯಾಲ ಚಿಗರ ಒಡಿಯೂ ಕಣ್ಣ ಎಷ್ಟ ಉಳಸ್ತಾರ, ಅದನ್ನ ನೋಡಬೇಕು. ಬರೋಬ್ಬರಿ ತಿಂಗಳಾ ಹಿಡದೀರಿ. ಶ್ಯಾಣ್ಯಾರದೀರಿ, ಅಳಿಯಾರ!"

ಅಡುಗೆಮನೆಯಲ್ಲಿ ಹೆಂಡತಿ ಯಾಕೋ ಕೆಮ್ಮಿದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮಾವನಿಂದ ಸಿಕ್ಕ ಮೊದಲ ಶಹಬ್ಬಾಸ್‌ಗಿರಿ ಅದು. ಅದನ್ನು ವಾಪಸ್ ಕೊಡುವಷ್ಟು ಪ್ರಾಮಾಣಿಕ ನಾನಲ್ಲ.